ಮಿಲ್ಟ್ರಿ ತಾತನ ಲೆಕ್ಕ

ನಮ್ಮ ಕಡೂರು ಸೀಮೆಯ ಎತ್ತಿಗೆ ಚರಿತ್ರೆ ಇದೆ, ಮನುಷ್ಯರಿಗೆ ಇಲ್ಲ.

ಸಿಟ್ಟಿಗೆ ಹೇಳ್ತಿರೋ ಮಾತಲ್ಲ ಇದು. ಪುಸ್ತಕ ತೆಗೆದು ನೋಡಿ. ಅಮೃತಮಹಲ್ ತಳಿಯನ್ನ ಮೈಸೂರು ಅರಸರು ಹೇಗೆ ಸಾಕಿದ್ರು, ಹೈದರಾಲಿ ಆ ಎತ್ತುಗಳನ್ನ ಫಿರಂಗಿ ಎಳೆಯೋಕೆ ಹೇಗೆ ಬಳಸಿದ, ಟಿಪ್ಪು ಅದಕ್ಕೆ ಹೇಗೆ ಹೆಸರಿಟ್ಟು ಒಂದು ಇಲಾಖೆ ಮಾಡಿದ, ಬ್ರಿಟಿಷ್ ದಂಡನಾಯಕರು ಅವುಗಳನ್ನ ಎಷ್ಟು ಹೊಗಳಿದ್ರು, ಎಲ್ಲಾ ದಾಖಲಾಗಿದೆ. ಅಜ್ಜಂಪುರದಲ್ಲಿ ಇವತ್ತಿಗೂ ಆ ತಳಿಯ ಸಂವರ್ಧನಾ ಕೇಂದ್ರ ಇದೆ. ಒಳ್ಳೇದು, ಇರಲಿ. ಆದ್ರೆ ಅದೇ ಸೀಮೆಯಿಂದ ಸೈನ್ಯಕ್ಕೆ ಹೋದ, ವಾಪಸ್ ಬಂದು ರೈಲು ಕಂಬಿ ಹೊತ್ತ ನಮ್ಮ ಕೇರಿಯ ಜನರ ಬಗ್ಗೆ ಒಂದು ಪುಟ ಹುಡುಕಿ. ಸಿಗಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ಹಾಗೆ.

ಗೆಳೆಯರೇ, ಇವತ್ತು ಅಂಥ ಒಬ್ಬರ ಬಗ್ಗೆ ಬರೀತಿದ್ದೀನಿ. ನಮ್ಮ ತಾತ. ಪಂಚನಹಳ್ಳಿ ಕಡೆ ಅವನನ್ನ ಎಲ್ಲರೂ ಕರೀತಿದ್ದದ್ದು ‘ಮಿಲ್ಟ್ರಿ ತಾತ’ ಅಂತ. ಅವನು ಮಿಲ್ಟ್ರಿಯಲ್ಲಿ ಇದ್ದದ್ದು ನಾಲ್ಕು ವರ್ಷ, ರೈಲ್ವೆಯಲ್ಲಿ ದುಡಿದದ್ದು ಮೂವತ್ತು ವರ್ಷ. ಆದ್ರೂ ಹೆಸರು ಮಾತ್ರ ಮಿಲ್ಟ್ರಿದೇ ಉಳೀತು. ಪೋಸ್ಟು ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಚಿಕ್ಕಮಗಳೂರು ಜಿಲ್ಲೆ ಅಂದ ಕೂಡ್ಲೇ ಜನ ಕಾಫಿ ತೋಟ, ಮಂಜು, ಮುಳ್ಳಯ್ಯನಗಿರಿ ಅಂದ್ಕೊಳ್ತಾರೆ. ಪಂಚನಹಳ್ಳಿ ಆ ಕಡೆಯದಲ್ಲ. ಅದು ಕಡೂರು ತಾಲ್ಲೂಕಿನ ಬಯಲುಸೀಮೆ ಹೋಬಳಿ. ರಾಗಿ, ತೆಂಗು, ಕುರಿ, ಬರ, ಇಷ್ಟೇ ನಮ್ಮ ಆಸ್ತಿ. ಊರೊಳಗೆ ರೈಲು ಹಾದುಹೋಗಲ್ಲ. ರೈಲು ನೋಡಬೇಕು ಅಂದ್ರೆ ಬೆಂಗಳೂರಿಂದ ಹರಿಹರದ ಕಡೆ ಹೋಗೋ ಹಳಿಯ ಹತ್ತಿರಕ್ಕೆ ಹೋಗಬೇಕು. ಅರಸೀಕೆರೆ, ಬಾಣಾವರ, ದೇವನೂರು, ಬಳ್ಳೇಕೆರೆ, ಕಡೂರು, ಬೀರೂರು. ಈ ಹೆಸರುಗಳು ನಮ್ಮನೆಯಲ್ಲಿ ದೇವರ ಹೆಸರಿಗಿಂತ ಜಾಸ್ತಿ ಕೇಳಿಬರ್ತಿದ್ದವು.

ಈ ಹಳಿಯ ಹಿಂದೆ ಸಾವಿನ ಕಥೆ ಇದೆ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನಕ್ಕೆ ಬಿದ್ದ ಬರವನ್ನ ನಮ್ಮ ಹಿರಿಯರು ಧಾತು ಈಶ್ವರ ಬರ ಅಂತ ಕರೀತಿದ್ರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕೂ ಕಮ್ಮಿ. ಮೊದಲು ಸತ್ತವರು ಯಾರು ಅಂತ ನಾನು ಹೇಳಬೇಕಾ? ಹೊಲ ಇಲ್ಲದವರು, ಕೂಲಿಗೆ ಕಾಳು ಪಡೆಯೋರು, ಊರ ಬಾವಿಗೆ ಕೊಡ ಇಳಿಸೋ ಹಕ್ಕಿಲ್ಲದವರು. ಧಾನ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋಕೆ ದಾರಿ ಇರಲಿಲ್ಲ ಅನ್ನೋ ಪಾಠ ಕಲಿತ ಸರ್ಕಾರ ರೈಲಿಗೆ ಕೈ ಹಾಕ್ತು. ಆಗ ದಿವಾನರಾಗಿದ್ದ ರಂಗಾಚಾರ್ಲು ಅದಕ್ಕೆ ಒತ್ತು ಕೊಟ್ರು. ಸಾಲದ ಹೊರೆಯಿಂದ ಕೆಲಸ ಸದರನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಗಿ, 1889ರಲ್ಲಿ ಹಳಿ ಹರಿಹರ ಮುಟ್ತು. 1899ರಲ್ಲಿ ಬೀರೂರಿಂದ ಶಿವಮೊಗ್ಗಕ್ಕೆ ಕವಲು ಒಡೀತು. ಚರಿತ್ರೆಯಲ್ಲಿ ದಿವಾನರ ಹೆಸರಿದೆ, ಕಂಪನಿಯ ಹೆಸರಿದೆ. ಮಣ್ಣು ಹೊತ್ತವರು ‘ಕೂಲಿಗಳು’ ಅನ್ನೋ ಒಂದೇ ಪದದಲ್ಲಿ ಮುಗಿದುಹೋಗ್ತಾರೆ.

ತಾತನ ಅಪ್ಪ ಒಬ್ಬ ದೊಡ್ಡ ಹಿಡುವಳಿದಾರರ ಮನೆಯಲ್ಲಿ ಜೀತಕ್ಕಿದ್ದ. ಮದುವೆಗೆ ತಂದ ಸಾಲ ಅರವತ್ತು ರೂಪಾಯಿ. ಸಾಲಕ್ಕೆ ಬಡ್ಡಿ ಮೈಮುರಿತ. ಎಷ್ಟು ವರ್ಷ ದುಡಿದ್ರೆ ಎಷ್ಟು ತೀರುತ್ತೆ ಅಂತ ಯಾರೂ ಹೇಳಲ್ಲ, ಕೇಳೋ ಹಾಗೂ ಇಲ್ಲ. ಅಪ್ಪ ಸತ್ತ ಮೇಲೆ ಆ ಸಾಲ ಮಗನ ಹೆಗಲಿಗೆ ಬಂತು. ತಾತ ಹೇಳ್ತಿದ್ದ, “ನಮ್ಮಪ್ಪ ಸತ್ತಾಗ ನಂಗೆ ಬಂದ ಪಿತ್ರಾರ್ಜಿತ ಅದೊಂದೇ ಕಣ್ಲಾ.”

1942ರಲ್ಲಿ ಕಡೂರು ಸಂತೆಯಲ್ಲಿ ಸೈನ್ಯಕ್ಕೆ ಜನ ಬೇಕು ಅಂತ ಡಂಗುರ ಹೊಡೆದ್ರು. ತಾತ ಸಂತೆಗೆ ಹೋದವನು ಗೌಡರ ಸಾಮಾನಿನ ಚೀಲವನ್ನ ಊರಿನವರ ಕೈಲಿ ಕೊಟ್ಟು ಕಳಿಸಿ, ತಾನು ವಾಪಸ್ ಬರಲೇ ಇಲ್ಲ. ಬೆಂಗಳೂರಿನ ರೈಲು ಹತ್ತಿದ. ಅದು ಅವನು ಹತ್ತಿದ ಮೊದಲನೇ ರೈಲು. ಅಲ್ಲಿ ಬರೆದುಕೊಂಡ ಗುಮಾಸ್ತ ಇವನ ಮುಖ ನೋಡಿ 21 ವರ್ಷ ಅಂತ ಬರೆದ. ಅವತ್ತಿಂದ ಅದೇ ಅವನ ವಯಸ್ಸು.

ಇಲ್ಲಿ ಕೆಲವರು ಒಂದು ಪ್ರಶ್ನೆ ಕೇಳ್ತಾರೆ. ದೇಶವೇ ‘ಬ್ರಿಟಿಷರೇ ತೊಲಗಿ’ ಅಂತಿದ್ದಾಗ ಇವರು ಬ್ರಿಟಿಷರ ಸೈನ್ಯಕ್ಕೆ ಹೋದ್ರಲ್ಲ ಅಂತ. ಭೀಮಾ ಕೋರೆಗಾಂವ್ ವಿಷಯದಲ್ಲೂ ಇದೇ ಕೊಂಕು ಬರುತ್ತೆ. ನೇರವಾಗೇ ಉತ್ತರ ಕೊಡ್ತೀನಿ. 1942ರಲ್ಲೇ ಪಕ್ಕದ ಶಿವಮೊಗ್ಗ ಜಿಲ್ಲೆಯ ಈಸೂರು ತಾನು ಸ್ವತಂತ್ರ ಅಂತ ಘೋಷಿಸಿಕೊಳ್ತು. 1943ರ ಮಾರ್ಚಿನಲ್ಲಿ ಆ ಊರಿನ ಐವರನ್ನ ಗಲ್ಲಿಗೆ ಹಾಕಿದ್ರು. ಅವರ ತ್ಯಾಗಕ್ಕೆ ನನ್ನ ತಲೆ ಬಾಗುತ್ತೆ. ಆದ್ರೆ ಜೀತದ ಹಟ್ಟಿಯಲ್ಲಿ ಮಲಗೋ ಹುಡುಗನಿಗೆ ಕಣ್ಣಿಗೆ ಕಾಣೋ ದೊರೆ ಲಂಡನ್ನಿನಲ್ಲಿರಲಿಲ್ಲ, ಊರ ನಡುವಿನ ತೊಟ್ಟಿಮನೆಯಲ್ಲಿದ್ದ. ಅವನ ಕೈಯಿಂದ ಬಿಡಿಸಿಕೊಳ್ಳೋಕೆ ಅವತ್ತು ಇದ್ದ ಬಾಗಿಲು ಅದೊಂದೇ. ಈಸೂರಿನವರು ಒಂದು ಸ್ವಾತಂತ್ರ್ಯಕ್ಕೆ ಹೊರಟ್ರು, ನಮ್ಮ ತಾತ ಇನ್ನೊಂದಕ್ಕೆ. ಇಬ್ಬರದ್ದೂ ಬಿಡುಗಡೆಯೇ.

ಆ ಬಾಗಿಲೂ ನಮಗೆ ಯಾವಾಗ್ಲೂ ತೆರೆದಿರಲಿಲ್ಲ ಅನ್ನೋದು ನೆನಪಿರಲಿ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಆಮೇಲೆ 1892ರಲ್ಲಿ ‘ಯೋಧ ಜಾತಿ’ ಅನ್ನೋ ಸಿದ್ಧಾಂತ ಹಿಡ್ಕೊಂಡು ಮಹಾರರ ಭರ್ತಿ ನಿಲ್ಲಿಸಿಬಿಟ್ರು. ಮೊದಲನೇ ಮಹಾಯುದ್ಧಕ್ಕೆ ಜನ ಸಾಲದಾದಾಗ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದ್ರು, ಯುದ್ಧ ಮುಗಿದ ಮೇಲೆ 1921ರಲ್ಲಿ ಮುರಿದು ಹಾಕಿದ್ರು. ಎರಡನೇ ಮಹಾಯುದ್ಧ ಬಂದಾಗ ಅಂಬೇಡ್ಕರ್ ಪಟ್ಟು ಹಿಡಿದ್ರು. 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿತು, ಅದೂ ನಮ್ಮ ಬೆಳಗಾವಿಯಲ್ಲಿ. 1943ರಲ್ಲಿ ಚಮಾರ್ ರೆಜಿಮೆಂಟ್ ಬಂತು, 1946ರಲ್ಲಿ ಅದನ್ನೂ ಮುಚ್ಚಿದ್ರು. ಬೇಕಾದಾಗ ಕರೆಯೋದು, ಬೇಡವಾದಾಗ ಬಾಗಿಲು ಹಾಕೋದು. ನಮ್ಮ ಜನರ ಸೈನಿಕ ಚರಿತ್ರೆಯನ್ನ ಒಂದು ಸಾಲಲ್ಲಿ ಹೇಳು ಅಂದ್ರೆ ಇದೇ.

ತಾತನನ್ನ ಪಯೋನಿಯರ್ ಕೋರ್‌ಗೆ ಹಾಕಿದ್ರು. ಪಯೋನಿಯರ್ ಅಂದ್ರೆ ಬಂದೂಕಿಗಿಂತ ಜಾಸ್ತಿ ಸಲಿಕೆ, ಗುದ್ದಲಿ ಹಿಡಿಯೋ ಸೈನಿಕ. ರಸ್ತೆ ಕಡಿಯೋದು, ಸೇತುವೆ ಹಾಕೋದು, ವಿಮಾನ ಇಳಿಯೋ ಬಯಲು ಸಮ ಮಾಡೋದು, ರೈಲಿನಿಂದ ಮದ್ದುಗುಂಡು ಇಳಿಸೋದು, ಗಾಯಗೊಂಡವರನ್ನ ಹೊತ್ತು ತರೋದು. ಊರಲ್ಲಿ ಮಾಡ್ತಿದ್ದ ಕೆಲಸವೇ ಅಲ್ಲೂ ಅಂತ ನೀವು ಅನ್ನಬಹುದು. ತಾತನೂ ಅದನ್ನೇ ಹೇಳಿ ನಗ್ತಿದ್ದ. ಆದ್ರೆ ಒಂದು ವ್ಯತ್ಯಾಸ ಇತ್ತು, ಅದನ್ನ ನಗದೆ ಹೇಳ್ತಿದ್ದ. ಬೆಳಿಗ್ಗೆ ಹೆಸರು ಕರೀತಿದ್ರು. ಹೆಸರಿನ ಮುಂದೆ ನಂಬರು. ಸಂಜೆ ಮತ್ತೆ ಕರೀತಿದ್ರು. ಒಬ್ಬ ಕಮ್ಮಿ ಆದ್ರೆ ಹುಡುಕ್ತಿದ್ರು. “ಊರಲ್ಲಿ ನಾನು ಸತ್ರೂ ಗೌಡರು ಮೂರು ದಿನ ಬಿಟ್ಟು ಕೇಳೋರು” ಅನ್ನೋನು.

ಬೆಂಗಳೂರಿಂದ ಕಲ್ಕತ್ತಾ, ಅಲ್ಲಿಂದ ಅಸ್ಸಾಂ. ಆಗ ದಿಮಾಪುರದ ಸ್ಟೇಷನ್ನಿಗೆ ಮಣಿಪುರ ರೋಡ್ ಅಂತ ಹೆಸರಿತ್ತು. ಅಲ್ಲಿವರೆಗೆ ಹೋಗ್ತಿದ್ದ ಹಳಿ ಮೀಟರ್ ಗೇಜಿಂದು. ನಮ್ಮ ಕಡೂರಿನ ಹಳಿಯಷ್ಟೇ ಅಗಲ. ಯುದ್ಧದ ಪೂರ್ವ ಗಡಿಗೆ ಬೇಕಾದ ಅಕ್ಕಿ, ಪೆಟ್ರೋಲು, ಗುಂಡು, ಹೇಸರಗತ್ತೆ, ಎಲ್ಲಾ ಆ ಸಣ್ಣ ಹಳಿ ಮೇಲೇ ಹೋಗ್ಬೇಕಿತ್ತು. 1944ರಲ್ಲಿ ಆ ಹಳಿಯ ಒಂದು ದೊಡ್ಡ ಭಾಗವನ್ನ ನಡೆಸೋಕೆ ಅಮೆರಿಕದ ಸೈನ್ಯವೇ ಬಂತು.

ದಾರಿಯಲ್ಲಿ ಅವನು ಬಂಗಾಳ ನೋಡಿದ. 1943ರ ಬರ. ಸುಮಾರು 30 ಲಕ್ಷ ಜನ ಸತ್ತ ಬರ ಅದು. ಈ ಸಲ ರೈಲು ಇತ್ತು, ರೈಲಿನ ತುಂಬ ಅಕ್ಕಿಯೂ ಇತ್ತು. ಅದು ಸೈನ್ಯದ ಅಕ್ಕಿ. ಪ್ಲಾಟ್‌ಫಾರಂ ಮೇಲೆ ಗಂಜಿ ನೀರಿಗೆ ಕೈಚಾಚಿದ ಮಕ್ಕಳ ಬಗ್ಗೆ ತಾತ ಜಾಸ್ತಿ ಮಾತಾಡ್ತಿರಲಿಲ್ಲ. ಅಜ್ಜಿ ಹೇಳ್ತಿದ್ದಳು, ಕೊನೆಗಾಲದವರೆಗೂ ಅವನು ತಟ್ಟೆಯಲ್ಲಿ ಒಂದು ಅಗುಳು ಬಿಡ್ತಿರಲಿಲ್ಲ, ಬೇರೆಯವರು ಬಿಟ್ರೆ ಬಯ್ತಿದ್ದ. ಬರಗಾಲಕ್ಕೆ ಅಂತ ಕಟ್ಟಿದ ರೈಲು ತಾನಾಗೇ ಹಸಿದವರಿಗೆ ಅನ್ನ ಮುಟ್ಟಿಸಲ್ಲ. ಆ ರೈಲಲ್ಲಿ ಯಾರ ಅನ್ನ ಹೋಗಬೇಕು ಅಂತ ನಿರ್ಧಾರ ಮಾಡೋರು ಯಾರು ಅನ್ನೋದೇ ಪ್ರಶ್ನೆ.

1944ರ ಏಪ್ರಿಲ್‌ನಲ್ಲಿ ಜಪಾನೀಯರು ಕೊಹಿಮಾವನ್ನ ಮುತ್ತಿದ್ರು. ದಿಮಾಪುರದಿಂದ ಇಂಫಾಲಕ್ಕೆ ಹೋಗೋ ರಸ್ತೆ ಕಟ್ಟಾಯ್ತು. ಜೂನ್ 22ರಂದು ಮತ್ತೆ ತೆರೆದದ್ದು. ಅಷ್ಟು ದಿನ ಮಳೆಯಲ್ಲಿ, ಕೆಸರಲ್ಲಿ, ಜಿಗಣೆ ಕಚ್ಚಿಸಿಕೊಂಡು ಆ ರಸ್ತೆಯನ್ನ ಇವರು ಮತ್ತೆ ಮತ್ತೆ ಕಟ್ಟಿದ್ರು. ಗುಡ್ಡ ಜರಿದ್ರೆ ತೆಗೆಯೋದು, ಲಾರಿ ಹೂತ್ರೆ ಎಳೆಯೋದು. ಕೊಹಿಮಾದ ಯುದ್ಧ ಸ್ಮಶಾನದಲ್ಲಿ 1,420 ಸಮಾಧಿಗಳಿವೆ, ಪಕ್ಕದಲ್ಲೇ ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರುಗಳ ಸ್ಮಾರಕವಿದೆ. ಎರಡನೇ ಮಹಾಯುದ್ಧದಲ್ಲಿ ಭಾರತದ ಸೈನ್ಯ 25 ಲಕ್ಷ ಮುಟ್ಟಿತ್ತು. ಇಷ್ಟು ದೊಡ್ಡ ಸೈನ್ಯದ ಅಡಿಪಾಯ ಸಲಿಕೆ ಹಿಡಿದವರು.

ಸೈನ್ಯ ತಾತನಿಗೆ ಇನ್ನೊಂದು ಕೊಡ್ತು, ಅಕ್ಷರ. ಆಗ ಸಿಪಾಯಿಗಳಿಗೆ ಹಿಂದೂಸ್ತಾನಿಯನ್ನ ಇಂಗ್ಲಿಷ್ ಅಕ್ಷರದಲ್ಲಿ ಕಲಿಸ್ತಿದ್ರು. ಹಾಗಾಗಿ ನಮ್ಮ ತಾತ ಕನ್ನಡ ಓದೋಕೆ ಕಲಿಯೋ ಮೊದಲೇ ಇಂಗ್ಲಿಷ್ ಅಕ್ಷರ ಕಲಿತ. ಪಂಚನಹಳ್ಳಿಯ ಶಾಲೆ ಬಾಗಿಲು ಹತ್ತದ ಮನುಷ್ಯ ನಾಗಾ ಬೆಟ್ಟದ ಡೇರೆಯೊಳಗೆ ಸ್ಲೇಟು ಹಿಡಿದ. ಕನ್ನಡ ಅಕ್ಷರವನ್ನ ಆಮೇಲೆ ಅವನಿಗೆ ಕಲಿಸಿದ್ದು ಸ್ಕೂಲಿಗೆ ಹೋಗ್ತಿದ್ದ ನಮ್ಮ ಅತ್ತೆ, ಅಂದ್ರೆ ಅವನ ಮಗಳು.

1946ರಲ್ಲಿ ಸೈನ್ಯದಿಂದ ಬಿಟ್ರು. ಯುದ್ಧಕಾಲಕ್ಕೆ ಸೇರಿಸಿಕೊಂಡವರಿಗೆ ಪೆನ್ಷನ್ ಇರಲಿಲ್ಲ. ಕೈಗೆ ಒಂದಿಷ್ಟು ದುಡ್ಡು, ಬಿಡುಗಡೆ ಪುಸ್ತಕ, ಆಮೇಲೆ ಬಂದ ಬರ್ಮಾ ಸ್ಟಾರ್ ಪದಕ. ಆರು ಮೂಲೆಯ ನಕ್ಷತ್ರ. ಅಷ್ಟೇ.

ಊರಿಗೆ ಬಂದ ವಾರಕ್ಕೆ ಗೌಡರ ಮನೆಯಿಂದ ಕರೆ ಬಂತು. ಓಡಿಹೋದವನು ಬಂದಿದ್ದಾನೆ, ಉಳಿದ ಸಾಲ ತೀರಿಸಲಿ, ಇಲ್ಲಾಂದ್ರೆ ಜೀತಕ್ಕೆ ನಿಲ್ಲಲಿ. ತಾತ ಹೋದ. ಅಂಗಳದಲ್ಲೇ ನಿಂತ. ಆದ್ರೆ ಕೂಲಿಯವನು ನಿಲ್ಲೋ ಹಾಗೆ ನಿಲ್ಲಲಿಲ್ಲ, ಸಿಪಾಯಿ ನಿಲ್ಲೋ ಹಾಗೆ ನಿಂತ ಅಂತ ಅಜ್ಜಿ ಹೇಳ್ತಿದ್ದಳು. ಕೇಳಿದ್ದು ಒಂದೇ ಮಾತು. “ಲೆಕ್ಕ ತೋರ್ಸಿ ಸ್ವಾಮಿ. ನಮ್ಮಪ್ಪ ಎಷ್ಟು ವರ್ಷ ದುಡಿದ, ಅದಕ್ಕೆ ಎಷ್ಟು ಕಳೆದಿದ್ದೀರಿ, ನಾನು ಎಷ್ಟು ದುಡಿದೆ, ಅದಕ್ಕೆ ಎಷ್ಟು ಕಳೆದಿದ್ದೀರಿ.”

ಲೆಕ್ಕ ಇರಲಿಲ್ಲ. ಲೆಕ್ಕ ಯಾವತ್ತೂ ಇರಲಿಲ್ಲ, ಜೀತ ಅಂದ್ರೆ ಅದೇ. ಕೊನೆಗೆ ತಾತ ಅರವತ್ತು ರೂಪಾಯಿ ಎಣಿಸಿ ಜಗಲಿ ಮೇಲಿಟ್ಟ, ಶಾನುಭೋಗರ ಕೈಲಿ ರಸೀದಿ ಬರೆಸಿಕೊಂಡ. ದುಡ್ಡು ಕೊಡೋ ಅಗತ್ಯವೇ ಇರಲಿಲ್ಲ ಅಂತ ನಾವೆಲ್ಲ ಇವತ್ತು ವಾದ ಮಾಡಬಹುದು. ಕಾನೂನಿನ ಪ್ರಕಾರ ಜೀತ ರದ್ದಾಗೋಕೆ 1976 ಬರಬೇಕಾಯ್ತು. ತಾತನಿಗೆ ಮೂವತ್ತು ವರ್ಷ ಕಾಯೋ ಪುರುಸೊತ್ತಿರಲಿಲ್ಲ. ಆ ರಸೀದಿ ಈಗಲೂ ಟ್ರಂಕಿನಲ್ಲಿದೆ. ಪದಕಕ್ಕಿಂತ ಅದನ್ನ ಅವನು ಜೋಪಾನ ಮಾಡಿದ್ದ.

ಈಗ ರೈಲ್ವೆಗೆ ಬರೋಣ. ಸೈನ್ಯದಿಂದ ಬಿಡುಗಡೆಯಾದ ಲಕ್ಷಾಂತರ ಜನರಿಗೆ ಕೆಲಸ ಕೊಡಿಸೋಕೆ 1945ರಲ್ಲಿ ಸರ್ಕಾರ ಉದ್ಯೋಗ ವಿನಿಮಯ ಕಚೇರಿಗಳ ವ್ಯವಸ್ಥೆ ಶುರು ಮಾಡ್ತು. ಅದು ಕಾರ್ಮಿಕ ಇಲಾಖೆಯ ಕೆಲಸ. ಆಗ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದವರು ಯಾರು ಗೊತ್ತಲ್ಲ? 1942ರಿಂದ 1946ರವರೆಗೆ ಡಾ. ಬಿ.ಆರ್. ಅಂಬೇಡ್ಕರ್. ಕೇಂದ್ರ ಸರ್ಕಾರದ ಹುದ್ದೆಗಳಲ್ಲಿ ಪರಿಶಿಷ್ಟರಿಗೆ 1943ರಲ್ಲಿ ಶೇ. 8.33 ಮೀಸಲಾತಿ ಬಂದದ್ದೂ ಅದೇ ಅವಧಿಯಲ್ಲಿ, ಅವರ ಒತ್ತಾಯದಿಂದಲೇ. 1946ರಲ್ಲಿ ಅದು ಶೇ. 12.5 ಆಯ್ತು. ತಾತ ಬೆಂಗಳೂರಿಗೆ ಹೋಗಿ ಹೆಸರು ಬರೆಸಿ ಬಂದಾಗ ಆ ಕಚೇರಿಯ ಹಿಂದೆ ಯಾರಿದ್ದಾರೆ ಅಂತ ಅವನಿಗೆ ಗೊತ್ತಿರಲಿಲ್ಲ. ಬಾಬಾಸಾಹೇಬರ ಹೆಸರು ಕೇಳೋ ಮೊದಲೇ ಅವರು ಮಾಡಿಕೊಟ್ಟ ದಾರಿಯಲ್ಲಿ ಅವನು ನಡೆದಿದ್ದ. ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಹೀಗೇ ಇದೆ.

1948ರ ಹೊತ್ತಿಗೆ ತಾತ ಗ್ಯಾಂಗ್‌ಮನ್ ಆದ. ಆಗ ಮೈಸೂರು ಸ್ಟೇಟ್ ರೈಲ್ವೆ. ಅದು, ಮದ್ರಾಸ್ ಮತ್ತು ಸದರನ್ ಮರಾಠಾ ರೈಲ್ವೆ, ಸೌತ್ ಇಂಡಿಯನ್ ರೈಲ್ವೆ ಮೂರೂ ಸೇರಿ ದಕ್ಷಿಣ ರೈಲ್ವೆ ಆದದ್ದು 1951ರ ಏಪ್ರಿಲ್ 14ರಂದು. ಬಾಬಾಸಾಹೇಬರಿಗೆ 60 ವರ್ಷ ತುಂಬಿದ ದಿನ. ಕಾಕತಾಳೀಯವೇ, ಆದ್ರೂ ತಾತ ಅದನ್ನ ಹೆಮ್ಮೆಯಿಂದ ಹೇಳ್ಕೊಳ್ತಿದ್ದ.

ಗ್ಯಾಂಗ್‌ಮನ್ ಕೆಲಸ ಏನು ಅಂತ ರೈಲಿನ ಒಳಗೆ ಕೂತವರಿಗೆ ಗೊತ್ತಿರಲ್ಲ. ರೈಲು ಓಡಿ ಓಡಿ ಹಳಿಯ ಕೆಳಗಿನ ಜಲ್ಲಿ ಸರಿಯುತ್ತೆ. ಹಳಿ ಒಂದು ಕಡೆ ತಗ್ಗುತ್ತೆ, ಸೊಟ್ಟ ಆಗುತ್ತೆ. ಹಾರೆ ಹಾಕಿ ಹಳಿ ಎತ್ತಬೇಕು, ಬೀಟರ್ ಹಿಡಿದು ಸ್ಲೀಪರ್ ಅಡಿಗೆ ಜಲ್ಲಿ ಬಡಿದು ತುಂಬಬೇಕು. ಬೇಸಿಗೆಯಲ್ಲಿ ಕಬ್ಬಿಣ ಹಿಗ್ಗಿ ಹಳಿ ಬಾಗುತ್ತೆ, ಚಳಿಗೆ ಕುಗ್ಗಿ ಬಿರುಕು ಬಿಡುತ್ತೆ. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಒಬ್ಬನೇ ಹಳಿ ಮೇಲೆ ನಡೀಬೇಕು. ಎದುರಿಂದ ಬಂದ ಗಸ್ತಿನವನ ಜೊತೆ ಪುಸ್ತಕ ಬದಲಾಯಿಸಿಕೊಂಡು ವಾಪಸ್. ಇನ್ನು ಇನ್‌ಸ್ಪೆಕ್ಟರ್ ಬಂದ್ರೆ ಟ್ರಾಲಿ. ಸಾಹೇಬರು ಛತ್ರಿ ಕೆಳಗೆ ಬೆಂಚಿನ ಮೇಲೆ ಕೂತ್ಕೋತಾರೆ, ಇಬ್ಬರು ಕಾದ ಕಬ್ಬಿಣದ ಹಳಿ ಮೇಲೆ ಓಡ್ತಾ ತಳ್ತಾರೆ. ಬೆರಳಗಲದ ಹಳಿ ಮೇಲೆ ಕಾಲು ಜಾರದ ಹಾಗೆ ಓಡೋದು ಒಂದು ವಿದ್ಯೆ. ಸರ್ಕಸ್ಸಿನಲ್ಲಿ ಮಾಡಿದ್ರೆ ಟಿಕೆಟ್ ಇಡ್ತಾರೆ.

ಆಮೇಲೆ ತಾತ ಕೀಮನ್ ಆದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊರಟು, ಹೆಗಲ ಮೇಲೆ ಸ್ಪ್ಯಾನರ್, ಸುತ್ತಿಗೆ, ಕೈಲಿ ಕೆಂಪು ಹಸಿರು ಬಾವುಟ, ಚೀಲದಲ್ಲಿ ಪಟಾಕಿ ಇಟ್ಕೊಂಡು ತನ್ನ ಪಾಲಿನ ಅಷ್ಟೂ ಹಳಿ ನಡೆದು ನೋಡೋನು ಕೀಮನ್. ಸಡಿಲ ಆದ ಬೆಣೆ ಬಡಿಯೋದು, ಫಿಶ್‌ಪ್ಲೇಟಿನ ಬೋಲ್ಟು ಬಿಗಿ ಮಾಡೋದು. ಪಟಾಕಿ ಅಂದ್ರೆ ಹಬ್ಬದ್ದಲ್ಲ, ಹಳಿ ಮೇಲೆ ಇಡೋ ಡಿಟೊನೇಟರ್. ಹಳಿ ಮುರಿದಿದ್ರೆ ರೈಲು ಬರೋ ದಿಕ್ಕಿಗೆ ಓಡಬೇಕು. ಮೀಟರ್ ಗೇಜಿನ ನಿಯಮ 400 ಮೀಟರ್‌ಗೆ ಒಂದು, 800 ಮೀಟರ್‌ಗೆ ಮೂರು. ಎಂಜಿನ್ ಅದರ ಮೇಲೆ ಹತ್ತಿದ್ರೆ ಢಮ್ ಅನ್ನುತ್ತೆ, ಡ್ರೈವರ್ ನಿಲ್ಲಿಸ್ತಾನೆ. ಒಂದು ಧನುರ್ಮಾಸದ ಬೆಳಿಗ್ಗೆ ತಾತ ಹೀಗೆ ಓಡಿದ್ದ. ರೈಲು ನಿಲ್ತು. ಹಳಿ ಸರಿ ಮಾಡಿದ್ರು, ರೈಲು ಹೋಯ್ತು. ಒಳಗೆ ಮಲಗಿದ್ದವರಲ್ಲಿ ಅರ್ಧ ಜನಕ್ಕೆ ಎಚ್ಚರವೂ ಆಗಿರಲ್ಲ. ರೈಲು ಬಿದ್ರೆ ಸುದ್ದಿ. ಬೀಳದ ರೈಲು ಯಾವ ಪತ್ರಿಕೆಯಲ್ಲೂ ಬರಲ್ಲ. ಅದಕ್ಕೇ ಇಂಥವರ ಚರಿತ್ರೆ ಬರೆಯೋದು ಕಷ್ಟ. ಅವರು ಸರಿಯಾಗಿ ದುಡಿದ್ರು ಅನ್ನೋದಕ್ಕೆ ಸಾಕ್ಷಿಯೇ ಏನೂ ಆಗದೇ ಇದ್ದದ್ದು.

ರೈಲ್ವೆ ಜಾತಿ ಇಲ್ಲದ ಸ್ವರ್ಗ ಆಗಿತ್ತು ಅಂತ ನಾನು ಹೇಳಲ್ಲ. 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನದಲ್ಲಿ ಬಾಬಾಸಾಹೇಬರು ಮಾತಾಡಿದ್ದನ್ನ ನೀವೆಲ್ಲ ಓದಿರ್ತೀರಿ. ಕಾರ್ಮಿಕರಿಗೆ ಎರಡು ಶತ್ರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಅಂದದ್ದು ಅಲ್ಲೇ. ಆ ಮಾತು ಎಲ್ಲರಿಗೂ ನೆನಪಿದೆ. ಅದೇ ಭಾಷಣದಲ್ಲಿ ಅವರು ರೈಲ್ವೆ ಕೆಲಸವನ್ನ ಬಿಡಿಸಿ ಬಿಡಿಸಿ ತೋರಿಸಿದ್ದನ್ನ ಮಾತ್ರ ಜಾಸ್ತಿ ಜನ ಗಮನಿಸಲ್ಲ. ದಲಿತ ರೈಲ್ವೆಗೆ ಸೇರಿದ್ರೆ ಗ್ಯಾಂಗ್‌ಮನ್ ಆಗೇ ಉಳೀತಾನೆ. ಪೋರ್ಟರ್ ಕೆಲಸ ಕೂಡ ಸಿಗಲ್ಲ, ಯಾಕಂದ್ರೆ ಪೋರ್ಟರನನ್ನ ಸ್ಟೇಷನ್ ಮಾಸ್ತರು ಮನೆಗೆಲಸಕ್ಕೂ ಬಳಸ್ತಾರೆ, ಮುಟ್ಟಿಸಿಕೊಳ್ಳದವನನ್ನ ಮನೆಯೊಳಗೆ ಹೇಗೆ ಬಿಟ್ಕೋತಾರೆ? ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗೋದಂತೂ ಇನ್ನೂ ದೂರ. ಜಾತಿ ಹೇಗೆ ಒಂದು ನೌಕರಿಯ ಮೆಟ್ಟಿಲುಗಳೊಳಗೆ ಕೂತಿರುತ್ತೆ ಅನ್ನೋದನ್ನ ಇಷ್ಟು ಸರಳವಾಗಿ ಇನ್ಯಾರು ಹೇಳಿದ್ದಾರೆ?

ತಾತನ ಗ್ಯಾಂಗಿನಲ್ಲಿ ಎಲ್ಲಾ ಜಾತಿಯವರಿದ್ರು. ಹಳಿ ಎತ್ತೋವಾಗ ಎಲ್ಲರ ಹೆಗಲೂ ಒಂದೇ ಸಾಲು, ಎಲ್ಲರ ಕೂಗೂ ಒಂದೇ ರಾಗ. ನೀರು ಕುಡಿಯೋವಾಗ ಮಾತ್ರ ಎರಡು ಮಡಕೆ. ಒಂದು ಹೊಂಗೆ ಮರದ ಈ ಕಡೆ, ಇನ್ನೊಂದು ಆ ಕಡೆ. ಯಾವ ನಿಯಮದ ಪುಸ್ತಕದಲ್ಲೂ ಅದು ಇರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಿಯೂ ಇರಲಿಲ್ಲ.

1974ರ ಮೇ 8ರಂದು ದೇಶದ ತುಂಬಾ ರೈಲ್ವೆ ಮುಷ್ಕರ ಶುರುವಾಯ್ತು. ಸುಮಾರು 17 ಲಕ್ಷ ಕಾರ್ಮಿಕರು. ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಸರ್ಕಾರ ಸಾವಿರಾರು ಜನರನ್ನ ಜೈಲಿಗೆ ಹಾಕ್ತು, ಕ್ವಾರ್ಟರ್ಸಿನಿಂದ ಹೆಂಡತಿ ಮಕ್ಕಳನ್ನ ಹೊರಗೆ ಹಾಕಿಸ್ತು. ತಾತನ ಗ್ಯಾಂಗಿನವರು ಪೊಲೀಸರ ಕೈಗೆ ಸಿಗದ ಹಾಗೆ ಅಡಗೋಕೆ ಜಾಗ ಹುಡುಕಿದ್ರು. ಹಳಿಯಿಂದ ದೂರ ಇರೋ ಊರು ಬೇಕು, ಪೊಲೀಸರು ಕಾಲಿಡೋಕೆ ಮನಸ್ಸು ಮಾಡದ ಜಾಗ ಬೇಕು. ಅಂಥ ಜಾಗ ಸಿಕ್ಕಿದ್ದು ನಮ್ಮ ಎ.ಕೆ. ಕಾಲೋನಿ. ಹೊಂಗೆ ಮರದ ಆ ಕಡೆ ಮಡಕೆಯವರು ಐದಾರು ಜನ ನಮ್ಮ ಗುಡಿಸಲಲ್ಲಿ ಹತ್ತಿರ ಹತ್ತಿರ ಎರಡು ವಾರ ಇದ್ರು. ನಮ್ಮಜ್ಜಿ ತಟ್ಟಿದ ಮುದ್ದೆ ಉಂಡ್ರು, ನಮ್ಮ ಹರವಿಯ ನೀರು ಕುಡಿದ್ರು. ಮೊದಲನೇ ದಿನ ಒಬ್ಬ ಉಣ್ಣದೇ ಹಾಗೇ ಮಲಗಿದನಂತೆ. ಎರಡನೇ ದಿನ ಅವನೇ ಎರಡು ಮುದ್ದೆ ಕೇಳಿದನಂತೆ.

ಮೇ 27ಕ್ಕೆ ಮುಷ್ಕರ ನಿಲ್ತು. ಕೆಲಸಕ್ಕೆ ಹೋದವರಿಗೆ ಸರ್ವಿಸ್ ಕಡಿತದ ಶಿಕ್ಷೆ ಕಾದಿತ್ತು. ಕೆಲಸ ಕಳ್ಕೊಂಡವರು ಮತ್ತೆ ಒಳಗೆ ಬಂದದ್ದು 1977ರಲ್ಲಿ, ಮಧು ದಂಡವತೆ ರೈಲ್ವೆ ಮಂತ್ರಿ ಆದ ಮೇಲೆ. ನಾನು ಚಿಕ್ಕವನಿದ್ದಾಗ ಅಜ್ಜಿಯನ್ನ ಕೇಳಿದ್ದೆ, “ಆಮೇಲೆ ಮಡಕೆ ಒಂದೇ ಆಯ್ತಾ ಅಜ್ಜಿ?” ಅವಳು ನಕ್ಕು ಹೇಳಿದ್ದು, “ಮಡಕೆ ಒಂದೇ ಆಯ್ತು ಮಗಾ. ಲೋಟ ಎರಡಾಯ್ತು.”

ಮನ್ಮಾಡಿನ ಭಾಷಣದ ಮೇಲೆ ನಾನು ಎಷ್ಟೋ ವಿಚಾರ ಸಂಕಿರಣ ಕೇಳಿದ್ದೀನಿ. ಅಜ್ಜಿಯ ಈ ಒಂದು ಮಾತಿನಷ್ಟು ಅರ್ಥ ಯಾವುದರಲ್ಲೂ ಆಗಲಿಲ್ಲ. ಒಂದು ಶತ್ರುವಿನ ಎದುರು ಒಟ್ಟಿಗೆ ನಿಂತಾಗ ಇನ್ನೊಂದು ಶತ್ರು ಸ್ವಲ್ಪ ಹಿಂದೆ ಸರಿಯುತ್ತೆ, ಪೂರ್ತಿ ಹೋಗಲ್ಲ. ಹಾಗಂತ ಮಡಕೆ ಒಂದಾದದ್ದು ಸಣ್ಣದೂ ಅಲ್ಲ.

ತಾತ 1978ರ ಹೊತ್ತಿಗೆ ನಿವೃತ್ತನಾದ. ರೈಲ್ವೆಗೆ 1957ರಲ್ಲಿ ಪೆನ್ಷನ್ ಬಂದಿತ್ತು. ನಮ್ಮ ಕೇರಿಯಲ್ಲಿ ಕೆಲಸ ಮಾಡದ ತಿಂಗಳಲ್ಲೂ ದುಡ್ಡು ಬರ್ತಿದ್ದ ಮೊದಲನೇ ಮನೆ ನಮ್ಮದು. ಆ ಪೆನ್ಷನ್ ಏನು ಮಾಡ್ತು ಅಂತ ಕೇಳಿ. ಅತ್ತೆ ಟೀಚರ್ ಆದಳು. ಅಪ್ಪ ಕಾಲೇಜು ಮೆಟ್ಟಿಲು ಹತ್ತಿದ. ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಿಂದ ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಅಲ್ಲಿಂದ ಬೀರೂರಿಗೆ ರೈಲಿನಲ್ಲಿ ಕರಪತ್ರದ ಕಟ್ಟು ತಂದವರಲ್ಲಿ ನಮ್ಮಪ್ಪನೂ ಒಬ್ಬ. ಕೇರಿಯವರು ಗೌಡರ ಹೊಲಕ್ಕೆ ಹೋಗಲ್ಲ ಅಂತ ಕೂತ ದಿನಗಳಲ್ಲಿ ಅಂಗಡಿ ಸಾಲಕ್ಕೆ ಜಾಮೀನು ನಿಂತದ್ದು ತಾತನ ಪೆನ್ಷನ್ ಪುಸ್ತಕ. ಚಳವಳಿ ಹಾಡಿನಿಂದ ಹುಟ್ಟುತ್ತೆ, ಭಾಷಣದಿಂದ ಬೆಳೆಯುತ್ತೆ, ನಿಜ. ಅದು ಹಸಿವು ತಡ್ಕೊಂಡು ನಿಲ್ಲೋಕೆ ಇಂಥ ಒಂದು ಪುಸ್ತಕ ಬೇಕು. ನಿವೃತ್ತಿ ಆದ ಮೇಲೆ ರೈಲ್ವೆ ಪಾಸಿನಲ್ಲಿ ತಾತ ಅಜ್ಜಿಯನ್ನ ನಾಗಪುರದ ದೀಕ್ಷಾಭೂಮಿಗೆ ಕರ್ಕೊಂಡು ಹೋಗಿಬಂದ. ಅಜ್ಜಿ ಜೀವಮಾನದಲ್ಲಿ ಮಾಡಿದ ದೂರದ ಪ್ರಯಾಣ ಅದೊಂದೇ.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀನಿ? ತಾತನ ಜೀವನವನ್ನ ಒಂದೇ ಪದದಲ್ಲಿ ಹೇಳಿ ಅಂದ್ರೆ ನಾನು ‘ಲೆಕ್ಕ’ ಅಂತೀನಿ. ಸೈನ್ಯವೂ ರೈಲ್ವೆಯೂ ಅವನಿಗೆ ಸುಖ ಕೊಡಲಿಲ್ಲ, ಸಮಾನತೆಯನ್ನೂ ಪೂರ್ತಿ ಕೊಡಲಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕೊಟ್ವು. ಕೆಲಸಕ್ಕೆ ಗಂಟೆ ಇತ್ತು, ಸಂಬಳಕ್ಕೆ ತಾರೀಖು ಇತ್ತು, ಸತ್ರೆ ಹೆಂಡತಿಗೆ ಹಕ್ಕಿತ್ತು. ಜೀತದಿಂದ ಹಾಜರಿ ಪುಸ್ತಕಕ್ಕೆ ಬಂದದ್ದು ನಮ್ಮ ಪಾಲಿನ ದೊಡ್ಡ ಕ್ರಾಂತಿ. ಈಗ ಆ ಪುಸ್ತಕ ಮುಚ್ಚೋ ಕೆಲಸ ನಡೀತಿದೆ. 2022ರಲ್ಲಿ ಅಗ್ನಿಪಥ ಬಂತು. ಸೈನ್ಯದಲ್ಲಿ ನಾಲ್ಕು ವರ್ಷ, ಆಮೇಲೆ ಕಾಲು ಭಾಗದವರಿಗೆ ಮಾತ್ರ ಕೆಲಸ, ಉಳಿದವರು ಪೆನ್ಷನ್ ಇಲ್ಲದೆ ಮನೆಗೆ. 1946ರಲ್ಲಿ ನಮ್ಮ ತಾತನನ್ನ ಕಳಿಸಿದ ಹಾಗೆಯೇ, ಅದೂ ನಾಲ್ಕೇ ವರ್ಷಕ್ಕೆ. ರೈಲ್ವೆಯಲ್ಲಿ ಎಷ್ಟೋ ಕೆಲಸ ಗುತ್ತಿಗೆದಾರರ ಕೈಗೆ ಹೋಗಿದೆ. ಗುತ್ತಿಗೆಯಲ್ಲಿ ಮೀಸಲಾತಿ ಎಲ್ಲಿದೆ? ಗ್ಯಾಂಗ್‌ಮನ್‌ಗೆ ಈಗ ಟ್ರ್ಯಾಕ್ ಮೇಂಟೇನರ್ ಅಂತ ಹೊಸ ಹೆಸರು. ಹೆಸರು ಬದಲಾದ್ರೂ ಹಳಿ ಮೇಲೆ ಕೆಲಸ ಮಾಡ್ತಾ ರೈಲಿಗೆ ಸಿಕ್ಕಿ ಸಾಯೋದು ನಿಂತಿಲ್ಲ. ಪಲಾನುಭವಿ ಅನ್ನೋ ಪದ ನಮಗೆ ಅಂಟಿಸೋರಿಗೆ ಒಂದು ಮಾತು, ಈ ದೇಶದ ಹಳಿ ಮೇಲೆ ಸುಖವಾಗಿ ಮಲಗಿ ಪ್ರಯಾಣ ಮಾಡಿದವರೆಲ್ಲ ನಮ್ಮ ತಾತನ ದುಡಿಮೆಯ ಫಲಾನುಭವಿಗಳು.

ನಮ್ಮ ಬಯಲಲ್ಲಿ ವೀರಗಲ್ಲುಗಳಿಗೆ ಬರ ಇಲ್ಲ. ದನ ಬಿಡಿಸೋಕೆ ಹೋಗಿ ಸತ್ತವರಿಗೂ ಕಲ್ಲು ನಿಲ್ಲಿಸಿದ ಸೀಮೆ ಇದು. ನಾವು ಕಲ್ಲು ನಿಲ್ಲಿಸೋದು ಬೇಡ, ಕಾಗದ ಉಳಿಸೋಣ. 1945ರಲ್ಲಿ 20 ವರ್ಷ ಇದ್ದವರಿಗೆ ಈಗ ನೂರು. ಆ ತಲೆಮಾರು ಹೋಯ್ತು. ಉಳಿದಿರೋದು ಟ್ರಂಕುಗಳು. ಅಟ್ಟದ ಮೇಲೆ, ಮಂಚದ ಕೆಳಗೆ, ಗೆದ್ದಲು ಮುಟ್ಟೋ ಮೊದಲು ತೆಗೆದು ನೋಡಿ. ಸೈನ್ಯದ ಬಿಡುಗಡೆ ಪುಸ್ತಕ, ಪದಕ, ರೈಲ್ವೆ ಬಿಲ್ಲೆ, ಹಳೇ ಪಾಸು, ಜೀತ ತೀರಿಸಿದ ರಸೀದಿ, ಮುಷ್ಕರದ ನೋಟಿಸು, ಏನಿದ್ರೂ ಸರಿ. ಬೆಳಕಲ್ಲಿಟ್ಟು ಎರಡೂ ಬದಿ ಫೋಟೋ ತೆಗೀರಿ. ಯಾರದ್ದು, ಯಾವ ಊರು, ಯಾವ ಗ್ಯಾಂಗು, ಯಾವ ಪಲ್ಟನ್ ಅಂತ ಮನೆಯ ಹಿರಿಯರನ್ನ ಕೇಳಿ ಬರೆದಿಡಿ. ಅಜ್ಜಿಯರನ್ನ ಮೊದಲು ಕೇಳಿ, ಅವರಿಗೆ ಜಾಸ್ತಿ ಗೊತ್ತಿರುತ್ತೆ. ಮುಂದಿನ ಏಪ್ರಿಲ್ 14ಕ್ಕೆ ನಿಮ್ಮ ಊರಿನ ಅಂಬೇಡ್ಕರ್ ಭವನದ ಒಂದು ಗೋಡೆ ಮೇಲೆ ಇವನ್ನ ಅಂಟಿಸಿ. ಮಕ್ಕಳು ನೋಡಲಿ.

ಪಂಚನಹಳ್ಳಿ ಸುತ್ತಮುತ್ತ ಯಾರಾದ್ರೂ ಶುರು ಮಾಡೋದಿದ್ರೆ ಹೇಳಿ, ನಮ್ಮನೆ ಟ್ರಂಕು ಹೊತ್ತು ನಾನೇ ಬರ್ತೀನಿ.

ಜೈ ಭೀಮ್.